ದನಕರುಗಳ ಹುಟ್ಟುಗುಣವನ್ನು ಮಾರ್ಪಡಿಸುವದು ನ್ಯಾಯವೋ?



ಕಳೆದ ಸುಗ್ಗಿಹಬ್ಬದ ಆರಾಧನೆಯು ಮುಗಿದು, ಸಭೆಯವರು ತಂದ ರಾಗಿ, ತೆಂಗು, ಕುಂಬಳ, ಕೋಳಿ ಮುಂತಾದ ಕಾಣಿಕೆಗಳ ಹರಾಜು ನಡೆಯುತ್ತಿರುವಾಗ, ನಮ್ಮ ಹಿರಿಯರಲ್ಲೊಬ್ಬರು ನನ್ನನ್ನು ದೇವಾಲಯದ ಹಿಂದಣ ಹುಣಸೇಮರದ ನೆರಳಿಗೆ ಕರೆದು ಹೀಗೆ ಕೇಳಿದರು: "ಅಯ್ಯನವರೇ, ನನ್ನ ಮೊಮ್ಮಗನು ಪಶುವೈದ್ಯ ವಿದ್ಯೆಯನ್ನು ಕಲಿತು ಮುಗಿಸಿದ್ದಾನೆ. ದನಗಳ ಹುಟ್ಟುಗುಣವನ್ನೇ ಬದಲಾಯಿಸುವ ಪರೀಕ್ಷಾಶಾಲೆಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕುವ ಹಾಗಿದೆ. ದೇವರು ಮಾಡಿದ್ದನ್ನು ಮನುಷ್ಯನು ತಿದ್ದುವದು ಪಾಪವಲ್ಲವೋ? ಅವನನ್ನು ಕಳುಹಿಸಲೋ, ಬೇಡವೋ?"

ನಾನು ಹೆಚ್ಚು ಯೋಚಿಸದೆ, "ಪಾಪವೇ ಸರಿ, ಬೇಡವೆಂದು ಹೇಳಿರಿ" ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಮನೆಯಲ್ಲಿಯೂ ನಿಮ್ಮ ಮನೆಯಲ್ಲಿಯೂ ಇರುವ ಜರ್ಸಿ ಹಸುಗಳ ವಿಷಯದಲ್ಲಿ ಏನು ಹೇಳೋಣ, ಅಯ್ಯನವರೇ?" ಎಂದರು. ಆ ಮಾತಿಗೆ ನನ್ನ ಬಳಿಯಲ್ಲಿ ಉತ್ತರವಿರಲಿಲ್ಲ. ವಿಚಾರಿಸದೆ ಕೊಟ್ಟ ತೀರ್ಪು ದೇವರ ಹೆಸರಿನಲ್ಲಿ ಕೊಟ್ಟದ್ದಾದರೂ ತೀರ್ಪಲ್ಲ. ಒಬ್ಬ ಯೌವನಸ್ಥನ ಜೀವನಮಾರ್ಗವು ನನ್ನ ಅವಸರದ ಬಾಯಿಮಾತಿನ ಮೇಲೆ ನಿಂತಿತ್ತೆಂದು ನೆನಸಿ ನಾನು ನಾಚಿಕೊಂಡು, ಈ ವಿಷಯವನ್ನು ತಕ್ಕಮಟ್ಟಿಗೆ ಓದಿ ತಿಳಿದು, ಸತ್ಯವೇದದ ಬೆಳಕಿನಲ್ಲಿ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

೧. ಪಂಡಿತರು ಮಾಡುವದೇನು?

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕೋಣ. ನಮ್ಮ ಹಳ್ಳಿಗಳಲ್ಲಿ ಹಸುವಿಗೆ "ಸೂಜಿ ಹಾಕಿಸುವದು" ಎಂದು ಹೇಳುವ ಕೃತಕ ಗರ್ಭಧಾರಣೆಯು ಹುಟ್ಟುಗುಣವನ್ನು ಮಾರ್ಪಡಿಸುವ ಕೆಲಸವಲ್ಲ. ಅದರಲ್ಲಿ ಒಳ್ಳೇ ಹೋರಿಯ ಬೀಜವನ್ನು ಹಸುವಿನ ಗರ್ಭಕ್ಕೆ ಸೇರಿಸುತ್ತಾರೆಯೇ ಹೊರತು ಆ ಬೀಜದೊಳಗಿರುವ ಯಾವದನ್ನೂ ತಿದ್ದುವದಿಲ್ಲ. ತಂದೆತಾಯಿಗಳನ್ನು ಆರಿಸುವದು ಒಂದು; ಮರಿಯು ಹುಟ್ಟುವದಕ್ಕೆ ಮುಂಚೆ ಅದರ ಜೀವಕೋಶದಲ್ಲಿ ಬರೆದಿರುವದನ್ನು ಬದಲಾಯಿಸುವದು ಇನ್ನೊಂದು.

ಮೃಗಗಳ ಬಹುತೇಕ ಜೀವಕೋಶಗಳ ನಡುವೆ ಒಂದು ಕೇಂದ್ರವುಂಟು. ಆ ಕೇಂದ್ರದಲ್ಲಿ ಡಿಎನ್‌ಎ ಎಂಬ ಬಹು ಸೂಕ್ಷ್ಮವಾದ ಎಳೆಗಳಿವೆ. ಮೈಬಣ್ಣ, ಕೊಂಬು, ಹಾಲು, ರೋಗವನ್ನು ತಾಳುವ ಶಕ್ತಿ ಮುಂತಾದ ಗುಣಗಳು ತಂದೆತಾಯಿಗಳಿಂದ ಮರಿಗೆ ಇಳಿದುಬರುವದು ಈ ಎಳೆಗಳ ಮೂಲಕವೇ. ಒಂದೊಂದು ಗುಣಕ್ಕೆ ಕಾರಣವಾದ ಭಾಗಕ್ಕೆ ವಂಶವಾಹಿ ಎಂದು ಹೆಸರು. ಇದನ್ನು ಬದಲಾಯಿಸುವದಕ್ಕೆ ಮುಖ್ಯವಾಗಿ ಮೂರು ಉಪಾಯಗಳು ಬಳಕೆಗೆ ಬಂದಿವೆ.

ಮೊದಲನೆಯದು ಸೂಜಿಯ ಉಪಾಯ. ಗರ್ಭಕಟ್ಟಿದ ಅಂಡವನ್ನು ತಾಯಿಯಿಂದ ತೆಗೆದು, ಕೂದಲಿಗಿಂತ ಸಣ್ಣದಾದ ಗಾಜಿನ ಸೂಜಿಯಿಂದ ಬೇರೊಂದು ಜೀವಿಯ ವಂಶವಾಹಿಯನ್ನು ಅದರೊಳಗೆ ಚುಚ್ಚಿ, ತಿರಿಗಿ ಗರ್ಭದಲ್ಲಿ ಇಡುತ್ತಾರೆ. ೧೯೮೦ರಲ್ಲಿ ಇಲಿಗಳಲ್ಲಿ ಸಫಲವಾದ ಈ ಕೆಲಸವನ್ನು ೧೯೮೫ರಲ್ಲಿ ಅಮೆರಿಕದ ಪಂಡಿತರು ಮೊಲ, ಕುರಿ, ಹಂದಿಗಳಲ್ಲಿ ಮಾಡಿ ತೋರಿಸಿದರು. ಆದರೆ ಚುಚ್ಚಿದ ವಂಶವಾಹಿಯು ಎಲ್ಲಿ ಹೋಗಿ ಕೂತುಕೊಳ್ಳುವದೆಂಬದು ಚುಚ್ಚಿದವನ ಕೈಯಲ್ಲಿಲ್ಲ. ಕಣ್ಣು ಮುಚ್ಚಿ ಬಿತ್ತಿದ ಹಾಗೆಯೇ ಇದು. ಬಹು ಅಂಡಗಳು ಹಾಳಾಗಿ, ಕೆಲವೇ ಮರಿಗಳು ಬಯಸಿದ ಗುಣದೊಡನೆ ಹುಟ್ಟುತ್ತಿದ್ದವು.

ಎರಡನೆಯದು ಕೇಂದ್ರವನ್ನು ಬದಲಿಸುವ ಉಪಾಯ. ಸ್ಕಾಟ್ಲೆಂಡಿನ ರೋಸ್ಲಿನ್ ಎಂಬಲ್ಲಿ ೧೯೯೬ನೇ ಜುಲೈ ೫ರಂದು ಹುಟ್ಟಿದ ಡಾಲಿ ಎಂಬ ಕುರಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಬೆಳೆದ ಕುರಿಯ ಕೆಚ್ಚಲಿನ ಒಂದು ಜೀವಕೋಶವನ್ನು, ಕೇಂದ್ರವನ್ನು ತೆಗೆದುಹಾಕಿದ ಅಂಡಕ್ಕೆ ಸೇರಿಸಿ ಅದನ್ನು ಹುಟ್ಟಿಸಿದರು. ೨೭೭ ಸಾರಿ ಹಾಗೆ ಸೇರಿಸಿದ್ದರಲ್ಲಿ ೨೯ ಮಾತ್ರ ಭ್ರೂಣಗಳಾಗಿ ಬೆಳೆದವು. ಆ ೨೯ರಲ್ಲಿ ಜೀವದಿಂದ ಹುಟ್ಟಿದ್ದು ಒಂದೇ ಮರಿ. ಡಾಲಿಯು ಪ್ರತಿರೂಪವೇ ಹೊರತು ಮಾರ್ಪಟ್ಟದ್ದಲ್ಲ. ಆದರೆ ಜೀವಕೋಶವನ್ನು ಮೊದಲು ಪಾತ್ರೆಯಲ್ಲಿಟ್ಟು ತಿದ್ದಿ, ಬಳಿಕ ಅದರಿಂದ ಮರಿಯನ್ನು ಹುಟ್ಟಿಸುವದಕ್ಕೆ ಈ ಉಪಾಯವು ದಾರಿಮಾಡಿತು. ೧೯೯೭ರಲ್ಲಿ ಅದೇ ಸ್ಥಳದಲ್ಲಿ ಮನುಷ್ಯನ ವಂಶವಾಹಿಯೊಂದನ್ನು ಹೊತ್ತ ಪಾಲಿ ಎಂಬ ಕುರಿಯು ಹೀಗೆಯೇ ಹುಟ್ಟಿತು. ನಮ್ಮ ದೇಶದ ಕರ್ನಾಲಿನಲ್ಲಿ ೨೦೦೯ರಲ್ಲಿ ಎಮ್ಮೆಗರುಗಳೂ, ೨೦೨೩ರಲ್ಲಿ ಗೀರ್ ತಳಿಯ ಕರುವೂ ಹುಟ್ಟಿದ್ದು ಪ್ರತಿರೂಪದ ಕ್ರಮದಿಂದಲೇ; ಅವುಗಳ ಗುಣಗಳನ್ನು ತಿದ್ದಿರಲಿಲ್ಲ.

ಮೂರನೆಯದು ಕತ್ತರಿಯ ಉಪಾಯ. ಎಳೆಯಲ್ಲಿ ಬೇಕಾದ ಸ್ಥಳವನ್ನೇ ಹುಡುಕಿ ಕತ್ತರಿಸುವ ಸೂಕ್ಷ್ಮ ಸಾಧನಗಳು ಇದಕ್ಕೆ ಬೇಕು. ಅವುಗಳಲ್ಲಿ ಹೆಸರಾದ ಕ್ರಿಸ್ಪರ್ ಎಂಬದನ್ನು ೨೦೧೨ರಲ್ಲಿ ಇಬ್ಬರು ಸ್ತ್ರೀಯರು ತಮ್ಮ ಜೊತೆಗೆಲಸದವರೊಡನೆ ಪ್ರಕಟಿಸಿದರು. ಎಮಾನ್ಯುಯೆಲ್ ಶಾರ್ಪಾಂತ್ಯೇ, ಜೆನಿಫರ್ ಡೌಡ್ನಾ ಎಂಬ ಇವರಿಗೆ ೨೦೨೦ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಈಗ ಹೊಸ ವಂಶವಾಹಿಯನ್ನು ತುಂಬದೆ, ಇದ್ದದ್ದರಲ್ಲಿ ಒಂದು ಚೂರನ್ನು ಮಾತ್ರ ತೆಗೆದುಹಾಕುವದಕ್ಕೂ ಸಾಧ್ಯವಾಗಿದೆ.

೨. ಎಲ್ಲವೂ ನಿಷೇಧವೆನ್ನುವವರಿಗೆ

ದೇವರು ಮೃಗಗಳನ್ನು ಅವುಗಳ ಜಾತಿಗನುಸಾರವಾಗಿ ಉಂಟುಮಾಡಿದನು. ಆದದರಿಂದ ಅವುಗಳನ್ನು ಮುಟ್ಟಲೇ ಕೂಡದೆಂದು ಕೆಲವರು ಹೇಳುತ್ತಾರೆ. ನಾನು ಹುಣಸೇಮರದ ಕೆಳಗೆ ಹೇಳಿದ್ದೂ ಇದನ್ನೇ. ಆದರೆ ಈ ವಾದವು ನಿಲ್ಲುವದಿಲ್ಲ. ಯಾಕಂದರೆ ಮನುಷ್ಯನು ಮುಟ್ಟದೆ ಬಿಟ್ಟ ದನವೇ ನಮ್ಮ ಊರುಗಳಲ್ಲಿ ಇಲ್ಲ. ಯಾಕೋಬನು ಲಾಬಾನನ ಮಂದೆಯಲ್ಲಿ ಬಲವುಳ್ಳವುಗಳನ್ನೂ ಚುಕ್ಕೆಮಚ್ಚೆಯುಳ್ಳವುಗಳನ್ನೂ ಬೇರ್ಪಡಿಸಿ ತನ್ನ ಮಂದೆಯನ್ನು ಬೆಳೆಸಿದ ಸಂಗತಿಯನ್ನು ಆದಿಕಾಂಡದಲ್ಲಿ ಓದುತ್ತೇವೆ. ನೀರಿನ ತೊಟ್ಟಿಯ ಮುಂದೆ ಅವನು ಇಟ್ಟ ಕೋಲುಗಳಿಂದ ಮರಿಗಳ ಬಣ್ಣವು ಮಾರ್ಪಡುವದಿಲ್ಲವೆಂದು ಈಗ ನಾವು ಬಲ್ಲೆವು; ಆಯ್ಕೆಯೂ ದೇವರ ದಯೆಯೂ ಅವನಿಗೆ ಮಂದೆಯನ್ನು ಕೊಟ್ಟವು. ನಮ್ಮ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರು ಪಡೆದ ದನಗಳ ಬಿರುಸಾದ ನಡಿಗೆಯೂ ತಾಳ್ಮೆಯೂ ಅನೇಕ ತಲೆಮಾರುಗಳ ಮನುಷ್ಯರ ಆಯ್ಕೆಯ ಫಲವೇ.

ಬೇರೆ ಬೇರೆ ಜಾತಿಯ ಪಶುಗಳನ್ನು ಕೂಡಿಸಬಾರದೆಂದು ಯಾಜಕಕಾಂಡದ ಹತ್ತೊಂಭತ್ತನೇ ಅಧ್ಯಾಯದಲ್ಲಿ ಆಜ್ಞೆಯುಂಟಲ್ಲಾ ಎಂದು ಒಬ್ಬನು ಕೇಳಾನು. ಉಂಟು. ಅದೇ ವಚನದಲ್ಲಿ ಎರಡು ವಿಧದ ಬೀಜಗಳನ್ನು ಒಂದೇ ಹೊಲದಲ್ಲಿ ಬಿತ್ತುವದಕ್ಕೂ ಎರಡು ವಿಧದ ನೂಲಿನ ಬಟ್ಟೆಯನ್ನು ಉಡುವದಕ್ಕೂ ನಿಷೇಧವಿದೆ. ರಾಗಿಯೊಡನೆ ಅವರೆಯನ್ನು ಬಿತ್ತಿ, ಬೆರಕೆ ನೂಲಿನ ಬಟ್ಟೆಯನ್ನು ಉಟ್ಟು ದೇವಾಲಯಕ್ಕೆ ಬರುವ ನಾವು ಆ ವಚನದ ಮೂರನೇ ಒಂದು ಪಾಲನ್ನು ಮಾತ್ರ ಎತ್ತಿ ನೆರೆಯವನ ಮೇಲೆ ಹೊರಿಸುವದು ನ್ಯಾಯವಲ್ಲ. ದಾವೀದನು ತನ್ನ ಸ್ವಂತ ಹೇಸರಗತ್ತೆಯ ಮೇಲೆ ಸೊಲೊಮೋನನನ್ನು ಕೂಡ್ರಿಸಿ ಅಭಿಷೇಕಕ್ಕೆ ಕಳುಹಿಸಿದನು. ಕತ್ತೆಗೂ ಕುದುರೆಗೂ ಹುಟ್ಟುವ ಆ ಮೃಗದ ನಿಮಿತ್ತ ಅವನು ಗದರಿಸಲ್ಪಟ್ಟದ್ದನ್ನು ನಾವು ಓದುವದಿಲ್ಲ.

೩. ಎಲ್ಲಕ್ಕೂ ಅಪ್ಪಣೆಯುಂಟೆನ್ನುವವರಿಗೆ

ಇನ್ನು ಕೆಲವರು ಎದುರು ಕಡೆಗೆ ಓಡುತ್ತಾರೆ. ದೇವರು ಮನುಷ್ಯನಿಗೆ ಮೃಗಜೀವಗಳ ಮೇಲೆ ದೊರೆತನವನ್ನು ಕೊಟ್ಟನಲ್ಲವೋ. ದೊರೆಯು ತನ್ನ ಇಷ್ಟದಂತೆ ಮಾಡಲಿ ಎನ್ನುತ್ತಾರೆ. ಆದರೆ ಅದೇ ಸತ್ಯವೇದವು ಆ ದೊರೆಯ ಕೈಯನ್ನು ಎಷ್ಟು ಕಡೆಗಳಲ್ಲಿ ಹಿಡಿಯುತ್ತದೆಂದು ನೋಡಿರಿ. ಸಬ್ಬತ್ತಿನ ವಿಶ್ರಾಂತಿಯಲ್ಲಿ ಎತ್ತಿಗೂ ಕತ್ತೆಗೂ ಪಾಲು ಸಿಕ್ಕಿದೆ. ಕಣದಲ್ಲಿ ತುಳಿಯುವ ಎತ್ತಿಗೆ ಬಾಯಿಕುಕ್ಕೆಯನ್ನು ಹಾಕಬಾರದೆಂದು ಮೋಶೆಯು ವಿಧಿಸಿದನು. ನೀತಿವಂತನು ತನ್ನ ಪಶುವಿನ ಜೀವವನ್ನು ಲಕ್ಷಿಸುತ್ತಾನೆಂದು ಜ್ಞಾನೋಕ್ತಿಗಳಲ್ಲಿ ಕಲಿಯುತ್ತೇವೆ. ನಿನೆವೆಯನ್ನು ಕನಿಕರಿಸುವದಕ್ಕೆ ಕಾರಣವನ್ನು ಯೋನನಿಗೆ ಹೇಳುವಾಗ ದೇವರು ಆ ಪಟ್ಟಣದ ದನಗಳನ್ನು ಸಹ ಲೆಕ್ಕಕ್ಕೆ ತಂದನು. ಹೀಗಿರಲಾಗಿ ನಮ್ಮ ದೊರೆತನವು ಕುರುಬನ ದೊರೆತನವೇ. ಮಂದೆಯನ್ನು ಮೇಯಿಸದೆ ತಮ್ಮನ್ನೇ ಮೇಯಿಸಿಕೊಂಡ ಕುರುಬರನ್ನು ಕುರಿತು ಯೆಹೆಜ್ಕೇಲನ ಮೂಲಕ ಉಂಟಾದ ತೀರ್ಪು ಎಷ್ಟು ಕಠಿಣವಾದದ್ದೆಂದು ನೀವು ಬಲ್ಲಿರಿ.

ಈ ಕುರುಬತನವನ್ನು ಮರೆತರೆ ಆಗುವದೇನೆಂಬದಕ್ಕೆ ಒಂದು ದೃಷ್ಟಾಂತವುಂಟು. ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿರುವ ಸರಕಾರದ ಕೃಷಿ ಸಂಶೋಧನ ಸ್ಥಾನದಲ್ಲಿ ಪಂಡಿತರು ದನದ ಬೆಳವಣಿಗೆಯ ರಸಕ್ಕೆ ಕಾರಣವಾದ ವಂಶವಾಹಿಯನ್ನು ಹಂದಿಗಳಿಗೆ ಸೇರಿಸಿದರು. ಅವರ ಅಪೇಕ್ಷೆಯು ಒಂದು ರೀತಿಯಲ್ಲಿ ನೆರವೇರಿತು: ಆ ಹಂದಿಗಳ ಕೊಬ್ಬು ಕಡಿಮೆಯಾಯಿತು, ತಿಂದ ಮೇವು ಹೆಚ್ಚಾಗಿ ಮೈಗೆ ಹತ್ತಿತು. ಆದರೆ ಅವುಗಳ ಹೊಟ್ಟೆಯಲ್ಲಿ ಹುಣ್ಣುಗಳಾದವು, ಕೀಲುಗಳು ಬಾತು ನಡೆಯಲಾರದಾದವು, ಹೃದಯವು ಉಬ್ಬಿತು, ಚರ್ಮವೂ ಮೂತ್ರಪಿಂಡಗಳೂ ಕೆಟ್ಟವು. ಇದೆಲ್ಲವನ್ನು ಆ ಪಂಡಿತರೇ ೧೯೮೯ರಲ್ಲಿ ಮರೆಮಾಡದೆ ಪ್ರಕಟಿಸಿದರು. ಅವರು ಕ್ರೂರರಲ್ಲ, ಹೀಗಾಗುವದೆಂದು ಅವರಿಗೆ ಮುಂದಾಗಿ ತಿಳಿದಿರಲಿಲ್ಲ. ಆದರೂ ಮಾಂಸದ ಲಾಭವನ್ನು ಬಯಸಿದವನು ಮನುಷ್ಯನು, ಅದರ ಬೆಲೆಯನ್ನು ತೆತ್ತದ್ದು ಮಾತಿಲ್ಲದ ಪ್ರಾಣಿ. ಬಿಳಾಮನ ಕತ್ತೆಗೆ ದೇವರು ಬಾಯಿ ಕೊಟ್ಟಂತೆ ಆ ಹಂದಿಗಳಿಗೆ ಬಾಯಿ ಕೊಟ್ಟಿದ್ದರೆ, ಯಾತಕ್ಕೆ ಹೀಗೆ ಮಾಡಿದಿರೆಂದು ಅವು ಕೇಳದೆ ಇರುತ್ತಿದ್ದವೋ?

೪. ನಾವು ಕೇಳತಕ್ಕ ಮೂರು ಪ್ರಶ್ನೆಗಳು

ಹಾಗಾದರೆ ಪಾಪವು ಸೂಜಿಯಲ್ಲಿಯೂ ಕತ್ತರಿಯಲ್ಲಿಯೂ ಇಲ್ಲ. ಅದು ಉದ್ದೇಶದಲ್ಲಿಯೂ ಅಲಕ್ಷ್ಯದಲ್ಲಿಯೂ ಸುಳ್ಳಿನಲ್ಲಿಯೂ ಇರುತ್ತದೆ. ಆದದರಿಂದ ಇಂಥ ಪ್ರತಿಯೊಂದು ಕೆಲಸದ ಮುಂದೆ ಮೂರು ಪ್ರಶ್ನೆಗಳನ್ನು ಇಡಬೇಕೆಂದು ನನಗೆ ತೋರುತ್ತದೆ.

ಒಂದನೆಯದು: ನೋವು ಯಾರಿಗೆ, ಲಾಭ ಯಾರಿಗೆ? ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಕೆಲವು ಆಡುಗಳಿಗೆ ಮನುಷ್ಯನ ವಂಶವಾಹಿಯೊಂದನ್ನು ಸೇರಿಸಿ, ಅವುಗಳ ಹಾಲಿನಿಂದ ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ತೆಗೆದರು. ಹುಟ್ಟಿನಿಂದಲೇ ಆ ತಡೆಯುವ ವಸ್ತುವು ಸಾಲದೆ ಹೋದವರಿಗೆ, ಹೆರಿಗೆಯ ಕಾಲದಲ್ಲಿಯೂ ಶಸ್ತ್ರಚಿಕಿತ್ಸೆಯ ಕಾಲದಲ್ಲಿಯೂ ಪ್ರಾಣಾಪಾಯವುಂಟು. ಯೂರೋಪಿನಲ್ಲಿ ೨೦೦೬ರಲ್ಲಿಯೂ ಅಮೆರಿಕದಲ್ಲಿ ೨೦೦೯ರಲ್ಲಿಯೂ ಈ ಔಷಧಕ್ಕೆ ಅಪ್ಪಣೆಯಾಯಿತು. ಆಡು ಎಂದಿನಂತೆ ಮೇಯುತ್ತಿತ್ತು, ಎಂದಿನಂತೆ ಹಾಲು ಕೊಡುತ್ತಿತ್ತು; ಆ ಹಾಲಿನಿಂದ ಒಬ್ಬ ತಾಯಿ ತನ್ನ ಮಗುವಿನ ಮುಖವನ್ನು ಕಾಣುವಂತಾಯಿತು. ಇದನ್ನೂ ಬೆಲ್ಟ್ಸ್‌ವಿಲ್ಲಿನ ಹಂದಿಗಳನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಒಂದೇ ಹೆಸರಿನಿಂದ ಕರೆಯುವದು ಸರಿಯಲ್ಲ. ಹಂದಿಗಳಿಗೇ ಹಿತವಾದ ಮಾರ್ಪಾಟೂ ಉಂಟು. ಮರಿಗಳನ್ನು ಕೊಂದು ಗಬ್ಬದ ಹಂದಿಗಳನ್ನು ಕಂದುಹಾಕಿಸುವ ಒಂದು ರೋಗದ ವಿಷಾಣುವು ಹಂದಿಯ ಜೀವಕೋಶದೊಳಗೆ ಸೇರುವ ಬಾಗಿಲನ್ನೇ ಕತ್ತರಿಯ ಉಪಾಯದಿಂದ ಮುಚ್ಚಬಹುದೆಂದು ೨೦೧೫ರಲ್ಲಿ ತೋರಿಸಿದರು. ಅಂಥ ಹಂದಿಗಳಿಗೆ ೨೦೨೫ರಲ್ಲಿ ಅಮೆರಿಕದ ಸರಕಾರವು ಅಪ್ಪಣೆ ಕೊಟ್ಟಿತು.

ಕಠಿಣವಾದ ಸಂಗತಿಯನ್ನೂ ಹೇಳಬೇಕು. ೨೦೨೨ನೇ ಜನವರಿಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹತ್ತು ವಂಶವಾಹಿಗಳನ್ನು ತಿದ್ದಿದ ಹಂದಿಯ ಹೃದಯವನ್ನು, ಬೇರೆ ನಿರೀಕ್ಷೆಯಿಲ್ಲದ ಒಬ್ಬ ರೋಗಿಯ ಎದೆಯಲ್ಲಿ ಇಟ್ಟರು. ಅವನು ಸುಮಾರು ಎರಡು ತಿಂಗಳು ಬದುಕಿದನು. ಇಲ್ಲಿ ಹಂದಿಯು ಪ್ರಾಣವನ್ನೇ ಕೊಟ್ಟಿತು. ಮನುಷ್ಯನು ಅನೇಕ ಗುಬ್ಬಿಗಳಿಗಿಂತ ಹೆಚ್ಚಿನವನೆಂದು ನಮ್ಮ ಕರ್ತನು ಕಲಿಸಿದ್ದಾನೆ. ಆದರೆ ಅದೇ ಉಪದೇಶದಲ್ಲಿ, ಒಂದು ಗುಬ್ಬಿ ನೆಲಕ್ಕೆ ಬೀಳುವದನ್ನು ಸಹ ತಂದೆಯು ನೋಡುತ್ತಾನೆಂದು ಹೇಳಿದ್ದಾನೆ. ಊಟಕ್ಕೋಸ್ಕರ ಹಂದಿಯನ್ನು ಕೊಯ್ಯುವ ನಾವು ಪ್ರಾಣರಕ್ಷಣೆಗೋಸ್ಕರ ಕೊಯ್ದವನನ್ನು ಖಂಡಿಸಲಾರೆವು. ಆದರೆ ಆ ಪ್ರಾಣವು ಅಗ್ಗವೆಂದು ಎಣಿಸುವವನನ್ನು ಖಂಡಿಸಬಹುದು.

ಎರಡನೆಯದು: ನಿಜವನ್ನು ಹೇಳಿದರೋ? ೨೦೧೫ರಲ್ಲಿ ಅಮೆರಿಕದ ಒಂದು ಕಂಪೆನಿಯವರು ಹಾಲಿನ ತಳಿಯಲ್ಲಿ ಕೊಂಬಿಲ್ಲದ ಎರಡು ಹೋರಿಗರುಗಳನ್ನು ಹುಟ್ಟಿಸಿದರು. ಕೆಲವು ದನಗಳಲ್ಲಿ ಸ್ವಭಾವವಾಗಿಯೇ ಇರುವ ಕೊಂಬಿಲ್ಲದ ಗುಣವನ್ನು ಮಾತ್ರ ಸೇರಿಸಿದ್ದೇವೆ, ಬೇರೇನೂ ಇಲ್ಲವೆಂದು ನಂಬಿದರು. ಆದರೆ ೨೦೧೯ರಲ್ಲಿ ಸರಕಾರದ ಪರೀಕ್ಷಕರು ನೋಡಲಾಗಿ, ಕೆಲಸಕ್ಕಾಗಿ ಉಪಯೋಗಿಸಿದ ಬಾಕ್ಟೀರಿಯದ ಡಿಎನ್‌ಎಯ ಚೂರೊಂದು, ಔಷಧಗಳನ್ನು ಎದುರಿಸುವ ವಂಶವಾಹಿಗಳ ಸಹಿತವಾಗಿ, ಆ ಮೃಗದಲ್ಲಿ ಸೇರಿಕೊಂಡಿತ್ತು. ತಯಾರಿಸಿದವರಿಗೆ ಅದು ತಿಳಿದೇ ಇರಲಿಲ್ಲ. ಮನುಷ್ಯನು ತಾನು ಬರೆದದ್ದನ್ನು ಕೂಡ ಪೂರ್ತಿಯಾಗಿ ಓದಲಾರನೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೋ? ಆದದರಿಂದ ತಿದ್ದಿದವನೇ ಪರೀಕ್ಷಕನಾಗಬಾರದು. ನಮ್ಮ ದೇಶದಲ್ಲಿಯೂ ೧೯೮೯ರ ನಿಯಮಗಳ ಪ್ರಕಾರ ಇಂಥ ಜೀವಿಗಳ ಕೆಲಸವು ಸರಕಾರದ ಅಪ್ಪಣೆಗೂ ಪರೀಕ್ಷೆಗೂ ಒಳಪಟ್ಟಿದೆ. ಅದು ವಿದ್ಯೆಗೆ ಅಡ್ಡಿಯೆಂದು ಗುಣುಗುಟ್ಟತಕ್ಕದ್ದಲ್ಲ.

ಮೂರನೆಯದು: ಮಂದೆಯು ಯಾರದಾಗುವದು? ೧೯೮೮ರಲ್ಲಿ ಅಮೆರಿಕದಲ್ಲಿ ಮಾರ್ಪಡಿಸಿದ ಒಂದು ಇಲಿಗೆ ಪೇಟೆಂಟ್ ಎಂಬ ಹಕ್ಕುಪತ್ರವನ್ನು ಕೊಟ್ಟರು. ಅಂದರೆ ಒಂದು ಜೀವಿಯ ವಿಧವೇ ಒಬ್ಬರ ಸೊತ್ತಿನಂತಾಯಿತು. ನಮ್ಮ ದೇಶದ ಕಾನೂನು ಮೃಗಗಳಿಗೆ ಪೇಟೆಂಟನ್ನು ಕೊಡುವದಿಲ್ಲ. ಇದು ಬಡ ರೈತನಿಗೆ ಒಂದು ಬೇಲಿ. ಐಶ್ವರ್ಯವಂತನು ಬಡವನ ಒಂದೇ ಕುರಿಮರಿಯನ್ನು ತೆಗೆದುಕೊಂಡ ಕಥೆಯನ್ನು ನಾತಾನನು ದಾವೀದನಿಗೆ ಹೇಳಿದಾಗ ಅರಸನ ಕೋಪವು ಉರಿಯಿತು. ಒಬ್ಬ ವಿಧವೆಯು ತನ್ನ ಹಸುವಿನ ಕರುವನ್ನು ಸಾಕುವದಕ್ಕೂ ಮಾರುವದಕ್ಕೂ ದೂರದ ಒಡೆಯನ ಅಪ್ಪಣೆಯನ್ನು ಕೇಳಬೇಕಾದ ಕಾಲ ಬಂದರೆ, ಆ ಕಥೆಯು ತಿರಿಗಿ ನಡೆದಂತಾಗುವದು.

೫. ನನ್ನ ಕೊಟ್ಟಿಗೆಯ ಸಂಗತಿ

ಇಷ್ಟು ಬರೆದು ನಿಲ್ಲಿಸಿದ್ದರೆ ದೂರ ದೇಶದವರಿಗೆ ಬುದ್ಧಿ ಹೇಳಿ ಕೈ ತೊಳೆದುಕೊಂಡಂತಾಗುತ್ತಿತ್ತು. ಆದರೆ ಆ ಕೊಂಬಿಲ್ಲದ ಕರುಗಳ ಸಂಗತಿಯನ್ನು ಓದುವಾಗ ನನ್ನ ಮನಸ್ಸಾಕ್ಷಿಯು ನನ್ನನ್ನೇ ಚುಚ್ಚಿತು.

ಎರಡು ವರುಷಗಳ ಹಿಂದೆ ನಮ್ಮ ಜರ್ಸಿ ಹಸುವು ಒಂದು ಹೆಣ್ಣುಗರುವನ್ನು ಈದಿತು. ಕರುವಿಗೆ ಕೆಲವು ವಾರಗಳಾದಾಗ ಅದರ ಕೊಂಬಿನ ಮೊಳಕೆಗಳನ್ನು ಕಾದ ಕಬ್ಬಿಣದಿಂದ ಸುಡಿಸಿದೆನು. ನೋವು ತಿಳಿಯದ ಹಾಗೆ ಮಾಡುವ ಮದ್ದು ಉಂಟೆಂದು ನನಗೆ ಗೊತ್ತಿದ್ದರೂ, ಸುಡುವದಕ್ಕೆ ಬಂದವನ ಬಳಿಯಲ್ಲಿ ಅದು ಇರಲಿಲ್ಲ. ನಾಳೆ ತರಿಸೋಣವೆಂದು ನಾನೂ ಹೇಳಲಿಲ್ಲ. ಕರುವಿನ ತಲೆಯನ್ನು ನನ್ನ ಮೊಣಕಾಲುಗಳ ನಡುವೆ ಹಿಡಿದುಕೊಂಡವನು ನಾನೇ. ಅದರ ಕೂಗು ಕೇಳಿ ತಾಯಿಹಸುವು ಹಗ್ಗವನ್ನು ಜಗ್ಗಿತು. ನನ್ನ ಮಗಳು ಮನೆಯೊಳಗೆ ಹೋಗಿ ಕಿವಿ ಮುಚ್ಚಿಕೊಂಡಳು. ಮೂರು ದಿವಸ ಆ ಕರುವು ನನ್ನ ಕೈಗೆ ಬರಲಿಲ್ಲ.

ಕೊಂಬಿಲ್ಲದ ಕರುವನ್ನು ಹುಟ್ಟಿಸುವದರಿಂದ ಇಂಥ ನೋವು ತಪ್ಪುವದಲ್ಲಾ, ಆ ವಿದ್ಯೆಯು ದಯೆಯೇ ಅಲ್ಲವೋ ಎಂದು ಮೊದಲು ಯೋಚಿಸಿದೆನು. ಈ ಯೋಚನೆಯು ಸುಳ್ಳಲ್ಲ. ಆದರೆ ಅದರ ಬೆನ್ನಿಗೆ ಇನ್ನೊಂದು ಬಂತು: ಆ ಕೊಂಬುಗಳು ನನಗೆ ಯಾತಕ್ಕೆ ಬೇಡವಾದವು? ನಾನು ಕಟ್ಟಿಸಿದ ಕೊಟ್ಟಿಗೆಯು ಇಕ್ಕಟ್ಟಾಗಿತ್ತು. ಎರಡು ದನಗಳ ಸ್ಥಳದಲ್ಲಿ ಮೂರನ್ನು ಕಟ್ಟಿದ್ದೆನು. ಒಂದು ಮತ್ತೊಂದನ್ನು ಹಾಯುವದೆಂಬ ಭಯವಿತ್ತು. ನನ್ನ ತಂದೆಯು ಸಾಕಿದ ನಾಟಿ ಹಸುಗಳಿಗೆ ಗೇಣುದ್ದದ ಕೊಂಬುಗಳಿದ್ದವು. ಅವುಗಳಿಗೆ ಹಿತ್ತಲೂ ಇತ್ತು. ಹೀಗೆ ಕೊಟ್ಟಿಗೆಯನ್ನು ಅಗಲಮಾಡುವ ಖರ್ಚನ್ನು ಉಳಿಸಿ, ಅದನ್ನು ಕರುವಿನ ನೆತ್ತಿಯಿಂದ ವಸೂಲು ಮಾಡಿದೆನು. ಕಂಪೆನಿಯ ಪಂಡಿತನು ಕತ್ತರಿಯಿಂದ ಮಾಡುವದನ್ನು ನಾನು ಕಬ್ಬಿಣದಿಂದ ಮಾಡಿದೆನು. ಅವನ ಕತ್ತರಿಯಿಂದ ಕರುವಿಗೆ ನೋವಾಗುವದಿಲ್ಲ, ನನ್ನ ಕಬ್ಬಿಣದಿಂದ ಆಯಿತು. ಅವನನ್ನು ಪಾಪಿಯೆನ್ನುವದಕ್ಕೆ ನನಗೆ ಯಾವ ಅಧಿಕಾರ?

ಈ ಎಲ್ಲಾ ಮಾತಿನ ತಿರುಳು ಇದೇ ಎಂದು ನನಗೆ ಕಾಣುತ್ತದೆ. ಕೊಟ್ಟಿಗೆಗೆ ತಕ್ಕಂತೆ ದನವನ್ನು ಮಾಡೋಣವೋ, ದನಕ್ಕೆ ತಕ್ಕಂತೆ ಕೊಟ್ಟಿಗೆಯನ್ನು ಮಾಡೋಣವೋ? ರೋಗವನ್ನು ತಡೆಯುವದಕ್ಕೂ, ಬಿಸಿಲನ್ನು ತಾಳುವದಕ್ಕೂ, ಹೆರುವ ತಾಯಿಯನ್ನು ಉಳಿಸುವದಕ್ಕೂ ದೇವರು ಕೊಟ್ಟ ಬುದ್ಧಿಯನ್ನು ಉಪಯೋಗಿಸುವದು ಕುರುಬನ ಕೆಲಸವೇ. ಆದರೆ ನಮ್ಮ ಲೋಭವು ಕಟ್ಟಿದ ಇಕ್ಕಟ್ಟಾದ ಗೋಡೆಯನ್ನು ಹಾಗೆಯೇ ಬಿಟ್ಟು, ಅದರೊಳಗೆ ಹಿಡಿಸುವಂತೆ ಸೃಷ್ಟಿಯನ್ನು ಕತ್ತರಿಸುವದು ಕುರುಬನ ಕೆಲಸವಲ್ಲ. ರೋಗವಿಲ್ಲದ ಹಂದಿಯು ಒಳ್ಳೆಯದು. ರೋಗವಿಲ್ಲವೆಂಬ ನೆವದಿಂದ ಹತ್ತರ ಸ್ಥಳದಲ್ಲಿ ಇಪ್ಪತ್ತನ್ನು ತುಂಬುವದು ಒಳ್ಳೆಯದಲ್ಲ. ಒಂದೇ ವಿದ್ಯೆಯು ಎರಡಕ್ಕೂ ಸೇವೆಮಾಡೀತು, ಆರಿಸತಕ್ಕವನು ಮನುಷ್ಯನು.

ಆ ಹಿರಿಯರ ಮನೆಗೆ ಹೋಗಿ ನನ್ನ ಮೊದಲಿನ ಉತ್ತರವನ್ನು ಹಿಂದಕ್ಕೆ ತೆಗೆದುಕೊಂಡೆನು. ಮೊಮ್ಮಗನು ಹೋಗಲಿ; ಆದರೆ ನೋವು ಯಾರಿಗೆ, ನಿಜವನ್ನು ಹೇಳಿದರೋ, ಮಂದೆಯು ಯಾರದು ಎಂಬ ಮೂರು ಪ್ರಶ್ನೆಗಳನ್ನು ಜೊತೆಗೆ ತಕ್ಕೊಂಡು ಹೋಗಲಿ. ಅವುಗಳನ್ನು ಕೇಳಲು ಬಿಡದ ಸ್ಥಳವಾದರೆ, ಸಂಬಳವು ಎಷ್ಟಿದ್ದರೂ ತಿರಿಗಿ ಬರಲಿ ಎಂದೆನು. ದೇವರಿಗೆ ಭಯಪಡುವವರು ಆ ಮೇಜುಗಳ ಬಳಿಯಲ್ಲಿ ಇಲ್ಲದೆ ಹೋದರೆ, ಮಾತಿಲ್ಲದ ಪ್ರಾಣಿಗಳ ಪರವಾಗಿ ಅಲ್ಲಿ ಮಾತಾಡುವವರು ಯಾರು? ಹಿರಿಯರು ತಲೆದೂಗಿ, "ಹುಡುಗನಿಗೆ ಇದನ್ನು ನೀವೇ ಹೇಳಿರಿ, ಅಯ್ಯನವರೇ" ಎಂದರು. ಹೇಳಿದೆನು. ಅವನು ಹೋಗಿದ್ದಾನೆ.

ನಾನಾದರೋ ಕೊಟ್ಟಿಗೆಯ ಪಡುವಣ ಗೋಡೆಯನ್ನು ಕೆಡವಿಸಿ ನಾಲ್ಕು ಮೊಳ ಹೊರಗೆ ಹಾಕಿಸಿದ್ದೇನೆ. ಆ ಕರು ಈಗ ಕಡಸಾಗಿದೆ. ಅದರ ನೆತ್ತಿಯಲ್ಲಿ ಎರಡು ಬೋಳು ಗುರುತುಗಳಿವೆ. ಪ್ರತಿದಿನ ಹುಲ್ಲು ಹಾಕುವಾಗ ಅವುಗಳನ್ನು ಕಾಣುತ್ತೇನೆ. ಪ್ರಿಯ ಸಹೋದರ ಸಹೋದರಿಯರೇ, ನೀವೂ ಈ ಸಂಜೆ ನಿಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿರಿ. ಅಲ್ಲಿ ಕಟ್ಟಿರುವ ಜೀವಗಳ ವಿಷಯವಾಗಿ ನಮ್ಮನ್ನು ಲೆಕ್ಕ ಕೇಳುವವನು ತಾನೇ ಒಳ್ಳೇ ಕುರುಬನಾಗಿದ್ದಾನೆ. ಆ ಲೆಕ್ಕವನ್ನು ಒಪ್ಪಿಸತಕ್ಕ ದಿನಕ್ಕೆ ಆತನು ನಮಗೆ ಬುದ್ಧಿಯನ್ನೂ ಕನಿಕರವನ್ನೂ ಅನುಗ್ರಹಿಸಲಿ.